‘ಅಸ್ವಸ್ಥ ಹವಾಮಾನ’ಕ್ಕೆ ಕನ್ನಡದಲ್ಲಿ ಏನು? ಸೆಕೆ, ಅಲ್ಲಲ್ಲಿ, ಒಂಟಿ ಮಳೆಯ ಬಗ್ಗೆ ಒಂದು ವಿಚಾರಣೆ

ಗೆಳೆಯರಿಗೆ ನಮಸ್ಕಾರ.

ಮೊದಲು ತಪ್ಪೊಪ್ಪಿಗೆ. ಕೆಳಗಿನ ವಾಕ್ಯಗಳನ್ನು ಬರೆದವನು ನಾನೇ:

“ಬರುವ ವಾರ ಕಾಸರಗೋಡು ಜಿಲ್ಲೆಯ ಒಂಟಿ ಸ್ಥಳಗಳಲ್ಲಿ ಶಕ್ತವಾದ ಮಳೆಗೆ ಸಾಧ್ಯತೆ. ಉಳಿದೆಡೆ ಬಿಸಿ ಮತ್ತು ಅಸ್ವಸ್ಥ ಹವಾಮಾನ.”

ಬದಿಯಡ್ಕದಾಚೆಯ ಹಳ್ಳಿ ನನ್ನದು. ನಮ್ಮ ವಾರ್ಡಿನ ಅಡಿಕೆ ಬೆಳೆಗಾರರ ಮೊಬೈಲ್ ಗುಂಪಿಗೆ ವಾರಕ್ಕೊಮ್ಮೆ ಹವಾಮಾನದ ಸುದ್ದಿ ಹಾಕುವ ಕೆಲಸವನ್ನು, ಒಂದು ಕಾಲದಲ್ಲಿ ಕನ್ನಡ ಮಾಷ್ಟ್ರಾಗಿದ್ದೆ ಎಂಬ ಒಂದೇ ಕಾರಣಕ್ಕೆ, ನನ್ನ ತಲೆಗೆ ಕಟ್ಟಿದ್ದಾರೆ. ನಮ್ಮ ಜಿಲ್ಲೆ ಕೇರಳದಲ್ಲಿರುವುದರಿಂದ ಸುದ್ದಿ ಬರುವುದು ಮಲಯಾಳದಲ್ಲಿ. ಲಿಪಿ ಬದಲಿಸಿ ವಿಭಕ್ತಿ ಸರಿಮಾಡಿದರೆ ಅರ್ಧಕ್ಕರ್ಧ ಕನ್ನಡವೇ ಆಗಿಬಿಡುತ್ತದೆ. ಕಾಲು ಜಾರುವುದೂ ಅಲ್ಲೇ.

ಸುದ್ದಿ ಹಾಕಿ ಹತ್ತು ನಿಮಿಷವಾಗಿರಲಿಲ್ಲ, ಗುಡ್ಡೆಮನೆಯ ಅಕ್ಕ ಫೋನ್ ಮಾಡಿದರು. ಅವರದು ನಿಜಕ್ಕೂ ಒಂಟಿ ಮನೆ. ಅಂಗಳದ ತುಂಬ ಕೊನೆಯ ಕೊಯ್ಲಿನ ಅಡಿಕೆ ಅರೆಬರೆ ಒಣಗಿ ಬಿದ್ದಿತ್ತು. ಈ ಹಂತದಲ್ಲಿ ಒಂದು ಮಳೆಗೆ ನೆನೆದರೂ ಬೂಷ್ಟು ಹಿಡಿದು ಕ್ರಯ ಇಳಿಯುತ್ತದೆ. “ಮಾಷ್ಟ್ರೇ, ಮಳೆ ಒಂಟಿ ಮನೆಗಳಿಗೆ ಮಾತ್ರವೋ? ಹಾಗಾದರೆ ಅಡಿಕೆಯನ್ನು ನಿಮ್ಮ ಅಂಗಳಕ್ಕೇ ತಂದು ಹಾಕುತ್ತೇನೆ” ಎಂದರು. ತಮಾಷೆಗೆ ಹೇಳಿದರೋ ನಿಜಕ್ಕೋ, ಅವರ ದನಿಯಿಂದ ಗೊತ್ತಾಗಲಿಲ್ಲ.

ಮೂಲದಲ್ಲಿದ್ದ ಪದ ‘ಒಟ್ಟಪ್ಪೆಟ್ಟ’. ಅದನ್ನು ‘ಅಲ್ಲಲ್ಲಿ’ ಎಂದಿದ್ದರೆ ಅಕ್ಕ ಫೋನ್ ಮಾಡುತ್ತಿರಲಿಲ್ಲ. ಆದರೆ ‘ಅಲ್ಲಲ್ಲಿ’ಯ ಮೇಲೂ ನನಗೊಂದು ತಕರಾರಿದೆ. ಹವಾಮಾನ ಇಲಾಖೆಯವರಿಗೆ ಇಲ್ಲಿ ನಾಲ್ಕು ಮೆಟ್ಟಿಲುಗಳಿವೆ. ಒಂದು ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ನೂರಕ್ಕೆ 25 ಅಥವಾ ಅದಕ್ಕಿಂತ ಕಡಿಮೆ ಕಡೆ ಮಳೆಯಾದರೆ ಒಂದು ಮಾತು, 26ರಿಂದ 50ಕ್ಕೆ ಇನ್ನೊಂದು, 51ರಿಂದ 75ಕ್ಕೆ ಮತ್ತೊಂದು, ಅದಕ್ಕೂ ಮೇಲೆ ಬೇರೊಂದು. ನಮ್ಮ ಪತ್ರಿಕೆಗಳ ‘ಅಲ್ಲಲ್ಲಿ’ ಮೊದಲ ಮೂರನ್ನೂ ಒಂದೇ ಗೋಣಿಯೊಳಗೆ ತುಂಬುತ್ತದೆ. ‘ಒಂದೆರಡು ಕಡೆ, ಕೆಲವೆಡೆ, ಹಲವೆಡೆ, ಬಹುತೇಕ ಎಲ್ಲೆಡೆ’ ಎಂದು ಬೇರೆ ಬೇರೆ ಹೇಳಿದರೆ ಏನು ನಷ್ಟ? ಎಲ್ಲವೂ ಮನೆಯ ಮಾತುಗಳೇ. ‘ಒಂದೆರಡು ಕಡೆ’ ಎಂದರೆ ಮಳೆ ಬರುವ ಭರವಸೆ ಕಡಿಮೆ ಎಂದಲ್ಲ, ಮಳೆ ಬೀಳುವ ಜಾಗ ಕಡಿಮೆ ಎಂದು ಅಷ್ಟೇ. ಇದನ್ನು ಅಕ್ಕನಿಗೆ ವಿವರಿಸಿದಾಗ, “ಆ ಒಂದೆರಡರಲ್ಲಿ ನಮ್ಮದು ಇದೆಯೋ ಇಲ್ಲವೋ ಹೇಳಿ” ಎಂದರು. ಅದಕ್ಕೆ ಇಲಾಖೆಯ ಬಳಿಯೂ ಉತ್ತರವಿಲ್ಲ.

‘ಶಕ್ತ’ ಎಂಬುದನ್ನು ಬೇಗ ಮುಗಿಸುತ್ತೇನೆ. ಮಲಯಾಳದ ‘ಶಕ್ತಮಾಯ ಮಳ’ ಎಂದರೆ 24 ಗಂಟೆಗಳಲ್ಲಿ 64.5 ಮಿಲಿಮೀಟರಿನಿಂದ 115.5ರವರೆಗಿನ ಮಳೆ. ಕನ್ನಡದಲ್ಲಿ ‘ಭಾರಿ ಮಳೆ’ ಎಂದು ರೂಢಿಯಾಗಿದೆ, ಅದೇ ಇರಲಿ. ನಮ್ಮಲ್ಲಿ ಶಕ್ತನಾಗುವುದು ಮನುಷ್ಯ, ಮಳೆಯಲ್ಲ. ಪುಣ್ಯಕ್ಕೆ ‘ಪ್ರವಚನ’ದ ಹಳ್ಳಕ್ಕೆ ನಾನು ಬೀಳಲಿಲ್ಲ. ಮಲಯಾಳದಲ್ಲಿ ‘ಕಾಲಾವಸ್ಥಾ ಪ್ರವಚನಂ’ ಎಂದರೆ ಹವಾಮಾನ ಮುನ್ಸೂಚನೆ. ಹಾಗೇ ಇಳಿಸಿದ್ದರೆ ಊರವರು ಮಠದಲ್ಲಿ ಯಾವ ಸ್ವಾಮಿಗಳು ಬಂದಿದ್ದಾರೆ ಎಂದು ಕೇಳುತ್ತಿದ್ದರು. (‘ಮಳ’ದ ಕೊನೆಯ ಅಕ್ಷರ ನಿಜವಾಗಿ ೞ. ನಮ್ಮ ಹಳಗನ್ನಡದ ‘ಮೞೆ’ಯಲ್ಲೂ ಇದ್ದದ್ದು ಅದೇ. ನಾವು ಅದನ್ನು ಕಳೆದುಕೊಂಡೆವು, ಪಕ್ಕದ ಮನೆಯವರು ಜೋಪಾನ ಮಾಡಿದರು.)

ಈಗ ನನ್ನ ನಿಜವಾದ ಪ್ರಶ್ನೆ: ‘ಅಸ್ವಸ್ಥ’.

ಮಲಯಾಳದ ಸುದ್ದಿಯಲ್ಲಿ, ಏರಿದ ತಾಪಮಾನ ಮತ್ತು ತೇವ ತುಂಬಿದ ಗಾಳಿಯಿಂದಾಗಿ ‘ಚೂಡುಂ ಅಸ್ವಸ್ಥತಯುಂ’ ಇರುವ ಹವೆ ಎಂದಿರುತ್ತದೆ. ಅಲ್ಲಿ ಅಸ್ವಸ್ಥತೆ ಎಂದರೆ ಇರಿಸುಮುರಿಸು, ನೆಮ್ಮದಿಯಿಲ್ಲದಿರುವುದು. ನಮ್ಮ ಅಸ್ವಸ್ಥರು ನೇರ ಆಸ್ಪತ್ರೆಗೆ ದಾಖಲಾಗುತ್ತಾರೆ. ಗುಂಪಿನಲ್ಲಿ ಒಬ್ಬರು ‘ಯಾವ ಕಾಯಿಲೆ ಹರಡುತ್ತಿದೆ’ ಎಂದು ವಿಚಾರಿಸಿದ ಮೇಲೆ ನನಗೆ ಬುದ್ಧಿ ಬಂತು.

ಈ ಹವೆಗೆ ಕರಾವಳಿಯಲ್ಲಿ ಇದ್ದೇ ಇರುವ ಪದ ‘ಸೆಕೆ’. ತುಳುವಿನಲ್ಲೂ ಅದೇ. ಅದರ ನಡತೆಯನ್ನು ಸ್ವಲ್ಪ ಗಮನಿಸಿ. ಚಹಾ ಬಿಸಿ, ಕಲ್ಲು ಬಿಸಿ. ಚಹಾ ಎಂದಿಗೂ ಸೆಕೆಯಲ್ಲ. ‘ನನಗೆ ಸೆಕೆಯಾಗುತ್ತದೆ’ ಎನ್ನುತ್ತೇವೆ, ‘ನನಗೆ ಚಳಿಯಾಗುತ್ತದೆ’ ಎಂಬ ಹಾಗೆ. ಬಿಸಿ, ತಂಪು ವಸ್ತುವಿನ ಗುಣ. ಸೆಕೆ, ಚಳಿ ಮೈಯ ಅನುಭವ. ಡಿಸೆಂಬರಿನಲ್ಲಿ ಬಿಸಿಲಿದ್ದರೂ ಸೆಕೆಯಿರುವುದಿಲ್ಲ. ಏಪ್ರಿಲಿನ ನಡುರಾತ್ರಿಯಲ್ಲಿ ಬಿಸಿಲಿಲ್ಲದೆಯೂ ಸೆಕೆ, ಫ್ಯಾನಿನ ಕೆಳಗೂ ಸೆಕೆ. ಬಳ್ಳಾರಿಯ 40 ಡಿಗ್ರಿಯ ಒಣಗಾಳಿಯಲ್ಲಿ ಬೆವರು ಹುಟ್ಟಿದಲ್ಲೇ ಆರುತ್ತದೆ, ಮೈ ಅಷ್ಟರಮಟ್ಟಿಗೆ ತಣಿಯುತ್ತದೆ. ನಮ್ಮ 35 ಡಿಗ್ರಿಯಲ್ಲಿ ಗಾಳಿಗೆ ಇನ್ನಷ್ಟು ನೀರು ಹೀರುವ ದಾಹವಿಲ್ಲ, ಬನಿಯನು ಬೆನ್ನಿಗಂಟಿ ಕೂರುತ್ತದೆ. ಅಲ್ಲಿಯದು ಧಗೆ, ಝಳ, ಇಲ್ಲಿಯದು ಸೆಕೆ. ಉಷ್ಣ ಮತ್ತು ತೇವ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವ ಪದ ಕೈಯಲ್ಲಿರುವಾಗ ‘ಬಿಸಿ ಹಾಗೂ ಆರ್ದ್ರತೆಯಿಂದ ಕೂಡಿದ ಅಹಿತಕರ ಹವಾಮಾನ’ ಎಂದು ಮೊಳದುದ್ದ ಏಕೆ ಬರೆಯಬೇಕು?

‘ಬಿಸಿಗಾಳಿ’ ಎಂದು ಸಲಹೆ ಕೊಟ್ಟವರೂ ಇದ್ದಾರೆ. ಅದು ಬೇರೆಯ ಸಂಗತಿ. ಕರಾವಳಿಯಲ್ಲಿ ತಾಪಮಾನ 37 ಡಿಗ್ರಿ ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿದ್ದರೆ ಮಾತ್ರ ಇಲಾಖೆ ಆ ಲೆಕ್ಕಕ್ಕೆ ಬರುತ್ತದೆ. ಅಲ್ಲದೆ ನಮ್ಮಲ್ಲಿ ಸೆಕೆ ಜೋರಾಗುವುದು ಗಾಳಿ ಬೀಸಿದಾಗಲ್ಲ, ನಿಂತಾಗ. ತೆಂಗಿನ ಗರಿ ಅಲುಗದ ಮಧ್ಯಾಹ್ನಕ್ಕೆ ಬಿಸಿಗಾಳಿ ಎಂದು ಹೆಸರಿಟ್ಟರೆ ಯಾರು ನಂಬುತ್ತಾರೆ?

ಪತ್ರಿಕೆಯಲ್ಲಿ ದುಡಿದ ಮಿತ್ರರೊಬ್ಬರು ‘ಸೆಕೆ ಆಡುಮಾತು, ಹವಾಮಾನ ವರದಿಗೆ ಗಾಂಭೀರ್ಯ ಸಾಲದು’ ಎನ್ನುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಚಳಿ ವರದಿಯಲ್ಲಿ ಕೂರಬಹುದಾದರೆ ಸೆಕೆ ಏಕೆ ಹೊರಗೆ ನಿಲ್ಲಬೇಕು?

ಇನ್ನು ವಾರದ ಸುದ್ದಿಯ ಶೀರ್ಷಿಕೆ. ‘ವಸಂತಕಾಲದ ವಾರದ ಮುನ್ನೋಟ’ ಎಂದು ಬರೆದು ಹೊಡೆದುಹಾಕಿದೆ. ಪಂಚಾಂಗದಲ್ಲಿ ವಸಂತ ಸರಿ, ನಮ್ಮ ಅಂಗಳದಲ್ಲಿ ಅದು ಬೇಸಗೆ. ‘ಮುಂಗಾರು ಪೂರ್ವ ಮಳೆ’ಯೂ ನಾಲಗೆಗೆ ಹತ್ತುವುದಿಲ್ಲ. ಘಟ್ಟದ ಮೇಲಿನ ರೈತರು ಏಪ್ರಿಲಿನ ಅಶ್ವಿನಿ, ಭರಣಿ ನಕ್ಷತ್ರಗಳ ಮಳೆಯನ್ನೇ ಮುಂಗಾರಿನ ಲೆಕ್ಕಕ್ಕೆ ಹಿಡಿಯುತ್ತಾರೆ, ನಮಗೆ ಜೂನಿನದು ಬರಿಯ ‘ಮಳೆಗಾಲ’. ಏಪ್ರಿಲ್ ನಡುವಿನ ಬಿಸು ಹಬ್ಬದಿಂದ ಮೇ ಕೊನೆಯ ಪತ್ತನಾಜೆಯವರೆಗೆ ಗುಡುಗಿಕೊಂಡು ಬಂದು ಹೋಗುವ ಮಳೆಗೆ ‘ಬೇಸಗೆ ಮಳೆ’ಗಿಂತ ಖಚಿತವಾದ ಹೆಸರು ನಿಮ್ಮ ಕಡೆ ಇದೆಯೇ? ನಮ್ಮ ಹಾಗೇ ಕರ್ನಾಟಕದ ಗಡಿಯಾಚೆ ಇರುವ ಹೊಸೂರು, ಸೊಲ್ಲಾಪುರ, ಅಕ್ಕಲಕೋಟೆ, ಮಡಕಶಿರಾ ಕಡೆಯವರು ಏನೆನ್ನುತ್ತೀರಿ? ನಿಮ್ಮಲ್ಲೂ ಸುದ್ದಿ ತಮಿಳು, ಮರಾಠಿ, ತೆಲುಗಿನ ಬಾಗಿಲಿನಿಂದಲೇ ಒಳಗೆ ಬರುತ್ತಿರಬೇಕು.

ಅಂದು ಅಕ್ಕ ನನ್ನ ತಿದ್ದುಪಡಿಗೆ ಕಾಯಲಿಲ್ಲ. “ಈ ಸೆಕೆಗೆ ಸಂಜೆ ಮಳೆ ಬಾರದೆ ಇರುತ್ತದೆಯೇ” ಎಂದು ಮೂರು ಗಂಟೆಗೇ ಟಾರ್ಪಾಲು ಹೊದೆಸಿದ್ದರು. ಐದೂವರೆಗೆ ಗುಡ್ಡೆಯ ಮೇಲೆ ಸುರಿಯಿತು. ಕೆಳಗೆ ನಮ್ಮ ಅಂಗಳದಲ್ಲಿ ಧೂಳು ಕೂಡ ಅಡಗಲಿಲ್ಲ.

ಮುಂದಿನ ಸುದ್ದಿಗೆ ಹೀಗೆ ಬರೆದಿಟ್ಟಿದ್ದೇನೆ: “ಈ ವಾರ ಹಗಲು ಸೆಕೆ ಹೆಚ್ಚು. ಸಂಜೆ ಒಂದೆರಡು ಕಡೆ ಗುಡುಗು ಸಹಿತ ಭಾರಿ ಮಳೆಯಾಗಬಹುದು.” ತಿದ್ದುವುದಿದ್ದರೆ ತಿಳಿಸಿ. ಸೆಕೆ, ಸೆಖೆ, ಶೆಕೆ ಮೂರನ್ನೂ ಅಚ್ಚಿನಲ್ಲಿ ಕಂಡಿದ್ದೇನೆ. ನಾನು ಮಹಾಪ್ರಾಣವಿಲ್ಲದ ಸೆಕೆಯ ಪಕ್ಷ. ಸೆಖೆಯ ಪಕ್ಷದವರು ಆಧಾರ ಕೊಡಿ.