ರೋವರ್ಸ್ ಕಪ್ ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರಿನದೇ?

ಪ್ರಶ್ನೆ (ಮಾಟುಂಗಾ): ಮುಂಬಯಿಯ ಕೂಪರೇಜ್ ಮೈದಾನದಲ್ಲಿ ರೋವರ್ಸ್ ಕಪ್ ಫುಟ್‌ಬಾಲ್ ಪಂದ್ಯಗಳನ್ನು ನೋಡುತ್ತಿದ್ದ ನಮ್ಮ ತಂದೆಯವರು, ಅದನ್ನು ಮೊದಲು ಗೆದ್ದ ಭಾರತೀಯರು ಬೆಂಗಳೂರಿನವರೆಂದು ಹೆಮ್ಮೆಯಿಂದ ಹೇಳುತ್ತಿದ್ದರು. ಇದು ನಿಜವೇ?

ಉತ್ತರ (ಡೊಂಬಿವಲಿ): ನಿಜ. 1891ರಲ್ಲಿ ಆರಂಭವಾಗಿ ದಶಕಗಳ ಕಾಲ ಬ್ರಿಟಿಷ್ ಸೇನಾ ತಂಡಗಳ ಕೈಯಲ್ಲೇ ಉಳಿದಿದ್ದ ಆ ಕಪ್ಪನ್ನು, 1937ರ ಫೈನಲ್‌ನಲ್ಲಿ ಕಲ್ಕತ್ತೆಯ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡವನ್ನು ಸೋಲಿಸಿ ಬೆಂಗಳೂರು ಮುಸ್ಲಿಮ್ಸ್ ತಂಡವು ತನ್ನದಾಗಿಸಿಕೊಂಡಿತು, ಮರುವರ್ಷವೂ ಬಿಟ್ಟುಕೊಡಲಿಲ್ಲ.

ಉತ್ತರ (ಮುಲುಂಡ್): ಒಂದೇ ಸೋಲಿಗೆ ಹೊರನಡೆಯಬೇಕಾದ ನಾಕೌಟ್ ಪಂದ್ಯಾವಳಿಯಲ್ಲಿ ಎರಡು ವರ್ಷ ಸತತವಾಗಿ ಗೆಲ್ಲುವುದು ಸಣ್ಣ ಮಾತಲ್ಲ. ಕಚೇರಿ ಮುಗಿಸಿ, ಚರ್ಚ್‌ಗೇಟಿನಲ್ಲಿ ಕಡಲೆಕಾಯಿ ಪೊಟ್ಟಣ ಕಟ್ಟಿಸಿಕೊಂಡು ಕೂಪರೇಜಿಗೆ ನಡೆಯುತ್ತಿದ್ದ ನನಗೆ, 2001ರ ನಂತರ ಆ ಕಪ್ ನಿಂತುಹೋದ ನೋವು ಇನ್ನೂ ಮಾಸಿಲ್ಲ.