ಕಿವಿಯಲಿ ನಾಲಗೆ: ಒಂದು ಸಮಸ್ಯೆ, ನಾಲ್ಕು ಪೂರಣ

ಸಮಸ್ಯೆ ಕೊಟ್ಟವರು:
ಕೆಲವು ಪದಗಳನ್ನು ಅರ್ಥದ ಹಂಗಿಲ್ಲದೆ, ಬರೀ ಉಚ್ಚರಿಸುವ ಸುಖಕ್ಕಾಗಿ ಬಾಯಿಗೆ ಹಾಕಿಕೊಳ್ಳುವ ಚಾಳಿ ನನಗಿದೆ. ‘ಇಬ್ಬನಿ’ ಎಂದು ನಾಲ್ಕು ಸಲ ಅಂದುಕೊಂಡರೆ ಅರ್ಧ ಆಯಾಸ ಇಳಿಯುತ್ತದೆ. ಹಾಗೆ ಗುನುಗುತ್ತಿದ್ದಾಗ ಹೊಳೆದ ಸಾಲು ಇದು. ಕಂದಪದ್ಯದ ಕೊನೆಯ ಪಾದ:

ಕಿವಿಯಲಿ ನಾಲಗೆಯು ಮೂಡಿತೆಂಥಚ್ಚರಿಯೋ

ಮಿಕ್ಕ ಮೂರು ಪಾದ ಬರೆದು ತುಂಬುವುದು, ಅಂದರೆ ಪೂರಣ, ನಿಮ್ಮದು. ಎಲ್ಲವೂ 4 ಮಾತ್ರೆಯ ಗಣ (ಲಘುವಿಗೆ 1 ಮಾತ್ರೆ, ಗುರುವಿಗೆ 2). 1 ಮತ್ತು 3ನೆಯ ಪಾದಕ್ಕೆ 3 ಗಣ, 2 ಮತ್ತು 4ನೆಯ ಪಾದಕ್ಕೆ 5 ಗಣ. ಪ್ರತಿ ಅರ್ಧದ (ಎರಡೆರಡು ಪಾದಗಳ) ಆರನೆಯ ಗಣ ಜಗಣವೋ (ಲಘು, ಗುರು, ಲಘು) ಸರ್ವಲಘುವೋ (ನಾಲ್ಕೂ ಲಘು) ಆಗಿರಬೇಕು. ಬೆಸಗಣದಲ್ಲಿ (1, 3, 5, 7ನೆಯ ಗಣಗಳಲ್ಲಿ) ಜಗಣ ಕೂಡದು. ಪ್ರಾಸಾಕ್ಷರ, ಅಂದರೆ ಪ್ರತಿ ಪಾದದ ಎರಡನೆಯ ಅಕ್ಷರ, ವ. ವಸ್ತು, ಪದಗಳ ದನಿ.

ಮೊದಲ ಪೂರಣ:
ನೇರ ದಾರಿಯಲ್ಲೇ ಹೋಗಿದ್ದೇನೆ, ಬಯ್ಯಬೇಡಿ.

ಸವಿಸವಿ ಕನ್ನಡನುಡಿಗಳ
ರವವನು ಮೆಲುಮೆಲನೆ ಮೆಲ್ಲುತಿರಲೊಂದಿರುಳೊಳ್ |
ಕವಳದ ಹಂಗಿಲ್ಲದೆಯೇ
ಕಿವಿಯಲಿ ನಾಲಗೆಯು ಮೂಡಿತೆಂಥಚ್ಚರಿಯೋ ||

ಸಮಸ್ಯೆ ಕೊಟ್ಟವರು:
ಬಯ್ಯುವುದೆಲ್ಲಿ ಬಂತು ತಾಯಿ! ಮೊದಲ ಪಾದ ಯಾರೂ ಬರೆಯಬಹುದಾದದ್ದು, ಒಪ್ಪುತ್ತೇನೆ. ಆದರೆ ಎರಡನೆಯ ಪಾದವನ್ನು ಗಟ್ಟಿಯಾಗಿ ಓದಿ ನೋಡಿದೆ. ಮಕಾರಕ್ಕೆ ತುಟಿ ಮುಚ್ಚುತ್ತದೆ, ಲಕಾರಕ್ಕೆ ನಾಲಗೆಯ ತುದಿ ಮೇಲೆ ಮುಟ್ಟುತ್ತದೆ, ಮತ್ತೆ ತುಟಿ, ಮತ್ತೆ ನಾಲಗೆ. ‘ಮೆಲುಮೆಲನೆ ಮೆಲ್ಲುತಿರಲ್’ ಎನ್ನುವಾಗ ಬಾಯಿ ನಿಜವಾಗಿಯೂ ಏನನ್ನೋ ಮೆಲ್ಲುತ್ತಿರುತ್ತದೆ. ಇದನ್ನು ಯೋಚಿಸಿ ಬರೆದಿರೋ, ತಾನಾಗಿ ಬಂತೋ?

ಮೊದಲ ಪೂರಣದವರು:
ತಾನಾಗಿ ಬಂತು ಎಂದರೆ ನಂಬುವುದಿಲ್ಲ, ಯೋಚಿಸಿದೆ ಎಂದರೆ ಜಂಬವಾಗುತ್ತದೆ. ಮುಂದಿನವರು ಬರಲಿ.

ನಿವೃತ್ತ ಮೇಷ್ಟರು:
ನನ್ನ ವೃತ್ತಿಯ ಪಾಪವನ್ನೇ ಪದ್ಯ ಮಾಡಿದ್ದೇನೆ.

ಹವಳವ ಹವಲವೆನುತ್ತಿರೆ
ಚಿವುಟಿದರೈ ಮೇಷ್ಟರಂದು ಬಾಲನ ಕಿವಿಯಂ |
ಅವನಿಗು ಮೊದಲದೆ ಚೀರಲು
ಕಿವಿಯಲಿ ನಾಲಗೆಯು ಮೂಡಿತೆಂಥಚ್ಚರಿಯೋ ||

ಸಮಸ್ಯೆ ಕೊಟ್ಟವರು:
ಮೇಷ್ಟರೇ, ಆ ಹುಡುಗನ ಪರವಾಗಿ ಒಂದು ಮಾತು. ಳಕಾರಕ್ಕೆ ನಾಲಗೆಯನ್ನು ಹಿಂದಕ್ಕೆ ಮಡಿಸಬೇಕು. ಮಡಿಸಲು ಸೋಮಾರಿತನ ಬಂದರೆ ಅದು ಲಕಾರವಾಗುತ್ತದೆ. ನಾವೇನು ಕಡಮೆ ಸೋಮಾರಿಗಳೇ? 13ನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ ಎಂಬ ವ್ಯಾಕರಣದಲ್ಲಿ ೞಕಾರವನ್ನು ಳಕಾರದಿಂದ ಬೇರೆಯಾಗಿಯೇ ಲೆಕ್ಕ ಹಾಕಿದ್ದ. ಬಾೞ್ ಎಂದರೆ ಬದುಕು, ಬಾಳ್ ಎಂದರೆ ಕತ್ತಿ. ಕ್ರಮೇಣ ಕನ್ನಡದ ನಾಲಗೆ ಎರಡನ್ನೂ ಒಂದೇ ಮಾಡಿಕೊಂಡಿತು. ಯಾರ ಕಿವಿ ಹಿಂಡೋಣ? ನನಗಂತೂ ಹೋದ ಆ ದನಿಯ ಬಗ್ಗೆ, ನೋಡದ ಅಜ್ಜಿಯ ಬಗ್ಗೆ ಇರುವಂಥ ಒಂದು ಮಮತೆ.

ಮೂರನೆಯ ಪೂರಣ:
ನನಗೆ ಮೆಚ್ಚಿನ ಮೂರು ಪದಗಳನ್ನು ಕೂಡಿಸಿದ್ದೇನೆ.

ನವಿಲಿನ ಹೆಸರೇ ಕುಣಿಯಿತು
ಕವಿಯಿತು ಮುಗಿಲೆಂಬ ಮಾತು ತಣ್ಣನೆ ಮೆಯ್ಯಂ |
ಸವಿದುದು ಜೇನೆನೆ ಜೇನಂ
ಕಿವಿಯಲಿ ನಾಲಗೆಯು ಮೂಡಿತೆಂಥಚ್ಚರಿಯೋ ||

ಮೊದಲ ಪೂರಣದವರು:
ಇದರ ಮುಂದೆ ನನ್ನದು ಸಪ್ಪೆ. ‘ಸವಿದುದು’ ಎಂಬ ಕ್ರಿಯೆಗೆ ಕರ್ತೃ ಯಾರೆಂದು ಹುಡುಕುತ್ತಿರುವಾಗಲೇ ಕೊನೆಯ ಪಾದದಲ್ಲಿ ನಾಲಗೆ ಎದುರಾಗುತ್ತದೆ. ಸಮಸ್ಯೆಯ ಸಾಲು ಹೊರಗಿನಿಂದ ತಂದು ಅಂಟಿಸಿದಂತೆ ಕಾಣುವುದೇ ಇಲ್ಲ.

ನಿವೃತ್ತ ಮೇಷ್ಟರು:
ಪದ್ಯ ಚೆನ್ನ, ತಕರಾರು ಬೇರೆ. ನವಿಲಿನ ಹೆಸರು ಕುಣಿಯುವುದು ನಾವು ನವಿಲನ್ನು ಕಂಡಿರುವುದರಿಂದ. ಜೇನು ತಿನ್ನದವನಿಗೆ ‘ಜೇನು’ ಎಂಬ ದನಿಯಲ್ಲಿ ಯಾವ ಸಿಹಿ? ನೀವೆಲ್ಲ ಅರ್ಥವನ್ನು ಸವಿದು ದನಿಗೆ ಹೊಗಳಿಕೆ ಕೊಡುತ್ತಿದ್ದೀರಿ.

ಮೂರನೆಯ ಪೂರಣದವರು:
ನ, ವಿ, ಲು. ಮೂರೂ ಲಘು, ಎಲ್ಲಿಯೂ ಕಾಲೂರಿ ನಿಲ್ಲುವುದಿಲ್ಲ. ಹಕ್ಕಿಯನ್ನು ಕಾಣದಿದ್ದರೂ ಅದು ಕುಣಿತವೇ ಮೇಷ್ಟರೇ.

ನಿವೃತ್ತ ಮೇಷ್ಟರು:
‘ಕೊಳಕು’ ಕೂಡ ಮೂರು ಲಘು. ಕುಣಿಸಿ ನೋಡೋಣ.

ಹೊಸಬರು:
ಇದು ನನ್ನ ಮೊದಲ ಕಂದ. ಮೇಷ್ಟರ ಮಾತಿಗೆ ಉತ್ತರವಾಗುತ್ತದೆಯೇ ನೋಡಿ. ಅರ್ಥದಲ್ಲಿ ಕಹಿ ಇದ್ದರೂ ಕಿವಿಗೆ ಹಿತವಾದ ಎರಡು ಪದಗಳು ಸಿಕ್ಕವು.

ಬವಣೆಯು ದನಿಯೊಳಗಿಂಪೇ
ಜವರಾಯನ ಹೆಸರು ಕೂಡ ಜೋಗುಳದಂತೇ |
ಭಾವಾರ್ಥದ ಗೊಡವೆಯದೇಂ
ಕಿವಿಯಲಿ ನಾಲಗೆಯು ಮೂಡಿತೆಂಥಚ್ಚರಿಯೋ ||

ನಿವೃತ್ತ ಮೇಷ್ಟರು:
ಮಾತ್ರೆ ಸರಿ, ಗಣ ಸರಿ. ಆದರೆ ಮೂರನೆಯ ಪಾದ ನೋಡು ಮಗು. ಪ್ರಾಸಾಕ್ಷರದ ಹಿಂದೆ ಲಘುವಿದ್ದರೆ ಸಿಂಹಪ್ರಾಸ, ದೀರ್ಘವಿದ್ದರೆ ಗಜಪ್ರಾಸ. ಬ, ಜ, ಕಿ ಮೂರೂ ಸಿಂಹಗಳು. ನಡುವೆ ‘ಭಾ’ ಎಂಬ ಆನೆ ನುಗ್ಗಿದೆ. ಕಿವಿ ಹಿಂಡುವುದಿಲ್ಲ, ಹೆದರಬೇಡ.

ಹೊಸಬರು:
ಆನೆಯನ್ನು ಓಡಿಸಿದ್ದೇನೆ ಮೇಷ್ಟರೇ: ‘ಸವಿಗರ್ಥದ ಗೊಡವೆಯದೇಂ’.

ಸಮಸ್ಯೆ ಕೊಟ್ಟವರು:
ತಿದ್ದುವ ನೆಪದಲ್ಲಿ ಪದ್ಯವೇ ಮೇಲೇರಿತು! ‘ಭಾವಾರ್ಥ’ ಪಾಠದ ಕೊನೆಯ ಪ್ರಶ್ನೆಯ ಹಾಗೆ ಒಣಗಿತ್ತು. ‘ಸವಿ’ ಬಂದದ್ದೇ ನಾಲಗೆಗೆ ಕೆಲಸ ಸಿಕ್ಕಿತು. ಪ್ರಾಸದ ಕಟ್ಟು ಒಮ್ಮೊಮ್ಮೆ ನಮಗಿಂತ ಜಾಣತನದಿಂದ ಪದ ಆರಿಸುತ್ತದೆ. ಮೇಷ್ಟರೇ, ಜವರಾಯನ ಜೋಗುಳಕ್ಕೆ ಏನೆನ್ನುತ್ತೀರಿ?

ನಿವೃತ್ತ ಮೇಷ್ಟರು:
ಈ ವಯಸ್ಸಿನಲ್ಲಿ ಆ ಹೆಸರನ್ನು ಹಿತವಾಗಿದೆಯೇ ಎಂದು ಪದೇ ಪದೇ ಅಂದು ನೋಡುವ ಧೈರ್ಯ ನನಗಿಲ್ಲ. ಒಮ್ಮೆ ಅಂದೆ. ಹಿತವಾಗಿಯೇ ಇದೆ. ಸೋತೆ.

ಸಮಸ್ಯೆ ಕೊಟ್ಟವರು:
ಹಾಗಾದರೆ ಮುಂದಿನ ಸಮಸ್ಯೆ ಹೊಸಬರದೇ.

ಹೊಸಬರು:
ಓಡಿಸಿದ ಆನೆಗೆ ಒಂದು ಅವಕಾಶ ಕೊಡೋಣವೆಂದು, ಈ ಸಲ ಗಜಪ್ರಾಸ, ತಕಾರ:

ಮಾತೇ ಕೊಳಲಾಯ್ತು ತೂತು ಕೊರೆಯುವ ಮುನ್ನಂ