ಸೋಷಿಯಲ್ ಕನೆಕ್ಟ್ ಕೆಲಸಾನ ಇಂಟರ್ನ್‌ಶಿಪ್ ತನಕ ಎಳ್ಕೊಂಡು ಹೋಗ್ಬಹುದಾ?

ಇಸಿ_ಹುಡುಗ: ಎಲ್ರಿಗೂ ನಮಸ್ಕಾರ. ವಿಟಿಯು ಇಂಜಿನಿಯರಿಂಗ್, ಇಸಿ (ಎಲೆಕ್ಟ್ರಾನಿಕ್ಸ್), 3ನೇ ಸೆಮ್. ಈ ಸಲ ಸೋಷಿಯಲ್ ಕನೆಕ್ಟ್ ಅಂತ ಒಂದು ಸಬ್ಜೆಕ್ಟ್ ಇದೆ, ಗಿಡ ನೆಡೋದು, ನೀರು ಉಳಿಸೋದು, ಊಟದ ಬಗ್ಗೆ ತಿಳ್ಕೊಳೋದು ಹೀಗೆ. ಸೀನಿಯರ್ಸ್ ಹೇಳೋದು ಒಂದ್ ಗಿಡದ ಪಕ್ಕ ನಿಂತು ಫೋಟೋ ತಗೊ, ಹಳೇ ರಿಪೋರ್ಟ್ ಕೊಡ್ತೀವಿ ಹೆಸ್ರು ಬದಲಾಯ್ಸು ಅಂತ. ನಂಗೆ ಅದು ಮನಸ್ಸಿಗೆ ಬರ್ತಿಲ್ಲ. ನಮ್ಮೂರು ಪಾವಗಡ ಕಡೆ, ನೀರಿಂದು ದೊಡ್ಡ ಗೋಳು ಅಲ್ಲಿ, ಅದ್ರ ಮೇಲೆ ಏನಾದ್ರೂ ಮಾಡಿ ಅದನ್ನೇ ಮುಂದೆ ಇಂಟರ್ನ್‌ಶಿಪ್ ವರೆಗೂ ಬೆಳೆಸ್ಬಹುದಾ? ಯಾರಾದ್ರೂ ಮಾಡಿದೀರಾ?

ಜ್ವಾಳದ_ರೊಟ್ಟಿ: ಮಾಡಪಾ ತಮ್ಮಾ, ಆದ್ರ ಊರಿಗೆ ಹೋಗಿ ಮದ್ಲ ಕೇಳು. ನಾನು ಧಾರವಾಡದಾಗ ಬಿಎಸ್ಸಿ ಅಗ್ರಿ ಮಾಡೀನಿ, ನಮಗ ಕಡೀ ವರ್ಷ ರಾವೆ ಅಂತ ಇರತೈತಿ, ಹಳ್ಳ್ಯಾಗ ಉಳಕೊಂಡು ರೈತರ ಜೋಡಿ ಕೆಲಸ ಮಾಡಬೇಕು. ಊರಿನ ನಕ್ಷಾ ಹನಮಪ್ಪನ ಗುಡಿ ಮುಂದ ನೆಲದ ಮ್ಯಾಲ ಬಣ್ಣದ ರಂಗೋಲಿ ಪುಡಿಲೆ ತಗೀತೀವಿ. ನಾವು ಹುಡುಗ್ರು ಬಾವಿಗೆಲ್ಲ ನೀಲಿ ತುಂಬ್ಕೊಂತ ಹೊಂಟಿದ್ವಿ, ಒಬ್ಬಾಕಿ ಆಯಿ ಬಂದು "ಯಪ್ಪಾ, ಅದು ಬತ್ತಿ ಎಷ್ಟೋ ವರ್ಷ ಆತು, ಅದಕ್ಯಾಕ ನೀಲಿ ಹಾಕೀರಿ" ಅಂದ್ಳು. ಪುಡಿ ಆಕಿ ಕೈಯಾಗ ಕೊಟ್ವಿ. ಆಮ್ಯಾಲ ಬಂದ ನಕ್ಷಾನ ಬ್ಯಾರೆ.

ನೀರಿನ_ಲೆಕ್ಕ: ಪಾವಗಡ ಅಂದ್ಯಲ್ಲ, ನಾನು ಸಿವಿಲ್, ಹಳ್ಳಿ ನೀರಿನ ಕೆಲಸದಲ್ಲೇ ಇದೀನಿ. ಅಲ್ಲಿ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ, ಲೀಟರ್‌ಗೆ 1 ಮಿಲಿಗ್ರಾಂ ಒಳಗಿರ್ಬೇಕು, ಬೇರೆ ನೀರೇ ಇಲ್ದಿದ್ರೆ 1.5 ತನಕ. ಟಿಡಿಎಸ್ ಮೀಟರ್ ತಗೊಂಡು ಹೋಗಿ ಅಳೆದೆ ಅನ್ಬೇಡ, ಅದು ನೀರಲ್ಲಿ ಕರಗಿರೋದು ಒಟ್ಟು ಎಷ್ಟು ಅಂತಷ್ಟೇ ಹೇಳುತ್ತೆ, ಫ್ಲೋರೈಡ್ ತೋರ್ಸಲ್ಲ, ಕಿಟ್ ಬೇಕು ಇಲ್ಲ ಲ್ಯಾಬ್‌ಗೆ ಕೊಡ್ಬೇಕು. ಶುರುಗೆ ಸುಲಭದ್ದು ಹೇಳ್ತೀನಿ. ಊರಿನ ಶುದ್ಧ ನೀರಿನ ಘಟಕದ ಹಿಂದಗಡೆ ಒಂದ್ ಪೈಪಿಂದ ವೇಸ್ಟ್ ನೀರು ಚರಂಡಿಗೆ ಹೋಗ್ತಿರುತ್ತೆ, ಅದಕ್ಕೆ 20 ಲೀಟರ್ ಕ್ಯಾನ್ ಹಿಡಿದು ಮೊಬೈಲಲ್ಲಿ ಟೈಮ್ ನೋಡು, ಎಷ್ಟು ಸೆಕೆಂಡಿಗೆ ತುಂಬ್ತು ಬರ್ಕೊ, ಒಳ್ಳೆ ನೀರಿನ ನಲ್ಲಿಗೂ ಹಂಗೇ ಮಾಡು, ಎಷ್ಟು ಒಳ್ಳೆ ನೀರಿಗೆ ಎಷ್ಟು ಪೋಲಾಗ್ತಿದೆ ಗೊತ್ತಾಗುತ್ತೆ. ನೀರುಗಂಟಿ ಹತ್ರ ಘಟಕ ಯಾವ್ಯಾವ ದಿನ ಕೆಟ್ಟಿತ್ತು ಕೇಳು, ಅವ್ರಿಗೆ ಗೊತ್ತಿರೋಷ್ಟು ಯಾವ ಇಂಜಿನಿಯರ್‌ಗೂ ಗೊತ್ತಿರಲ್ಲ. ನೀನು ಇಸಿ ಅಲ್ವಾ, ಘಟಕ ಕೆಟ್ಟು ನಿಂತ್ರೆ ಪಂಚಾಯ್ತಿಗೆ ಮೆಸೇಜ್ ಹೋಗೋ ಒಂದು ಎಲೆಕ್ಟ್ರಾನಿಕ್ ಬೋರ್ಡ್ ಮಾಡಿದ್ರೆ ಅದೇ ಫೈನಲ್ ಇಯರ್ ಪ್ರಾಜೆಕ್ಟ್, ಕೆಎಸ್‌ಸಿಎಸ್‌ಟಿ (ರಾಜ್ಯ ವಿಜ್ಞಾನ ತಂತ್ರಜ್ಞಾನ ಮಂಡಳಿ) ಅವ್ರು ಇಂಥವಕ್ಕೆ ದುಡ್ಡು ಕೊಡ್ತಾರೆ, ಕಾಲೇಜಿನ ಮೂಲಕ ಅರ್ಜಿ ಹಾಕ್ಬೇಕು. ಕೊನೇ ವರ್ಷ 14ರಿಂದ 20 ವಾರದ ಇಂಟರ್ನ್‌ಶಿಪ್ ಬರೋ ಹೊತ್ತಿಗೆ ನಿನ್ನ ಕೈಲಿ ಎರಡು ವರ್ಷದ ಲೆಕ್ಕ ಇರುತ್ತೆ, ವಾಟರ್ ಕಂಪ್ನಿಯಾಗ್ಲಿ ಎನ್‌ಜಿಓ ಆಗ್ಲಿ ಅದನ್ನ ನೋಡದೇ ಬಿಡಲ್ಲ.

ಪಾಠದ_ಮೇಡಂ: ಮೇಲಿನವರು ಹೇಳಿದ್ದು ಸರಿ, ಒಂದು ಮಾತು ಸೇರಿಸ್ತೀನಿ ಮಗು. ಎನ್ನೆಸ್ಸೆಸ್‌ನಲ್ಲಿ ಎರಡು ವರ್ಷಕ್ಕೆ 240 ಗಂಟೆ ಕೆಲಸ, 7 ದಿನದ ಶಿಬಿರ ಇರುತ್ತೆ, ನಾನು ಎಷ್ಟೋ ಶಿಬಿರ ಮಾಡ್ಸಿದೀನಿ, ನಾವು ಬಸ್ ಹತ್ತಿದ ಮಾರನೇ ದಿನಕ್ಕೆ ಊರು ಹೆಂಗಿತ್ತೋ ಹಂಗೇ ಆಗೋದು, ಅದು ನನಗೆ ಇವತ್ತಿಗೂ ನೋವು. ನೀನು ತಿಂಗಳಿಗೊಂದ್ಸಲ ಆದ್ರೂ ಅದೇ ಊರಿಗೆ ಹೋಗ್ತೀಯಲ್ಲ, ಅದೇ ನಿನ್ನ ಬಲ. ಗೈಡ್ ಹತ್ರ ಈಗ್ಲೇ ಮಾತಾಡಿ ಕಾಲೇಜ್ ಲೆಟರ್‌ಹೆಡ್‌ನಲ್ಲಿ ಪಂಚಾಯ್ತಿ ಪಿಡಿಓಗೆ ಪತ್ರ ಬರೆಸ್ಕೊ, ಹೋದ ದಿನ, ಗಂಟೆ ಎಲ್ಲ ಡೈರಿಲಿ ಬರೆದು ಸಹಿ ಹಾಕಿಸ್ಕೊ, ಡಿಗ್ರಿ ಮುಗಿಯೋಕೆ ಬೇಕಾದ 100 ಆಕ್ಟಿವಿಟಿ ಪಾಯಿಂಟ್‌ಗೂ ಅದು ಆಧಾರ ಆಗುತ್ತೆ.

ಇಸಿ_ಹುಡುಗ: ತುಂಬಾ ಥ್ಯಾಂಕ್ಸ್ ಅಣ್ಣ, ಮೇಡಂ. ಅಮ್ಮಂಗೆ ಫೋನ್ ಮಾಡಿ ಕೇಳ್ದೆ, ನಮ್ಮೂರ ಘಟಕ ನಿಂತು ಹನ್ನೊಂದು ದಿನ ಆಯ್ತಂತೆ, ಅಪ್ಪ ದಿನಾ ಟಿವಿಎಸ್‌ನಲ್ಲಿ ಪಕ್ಕದೂರಿಂದ ಎರಡು ಕ್ಯಾನ್ ತರ್ತಿದಾರಂತೆ. ನಂಗೆ ಹೇಳೇ ಇರ್ಲಿಲ್ಲ. ಶನಿವಾರ ಹೋಗ್ತಿದೀನಿ, ಮೊದ್ಲು ನೀರುಗಂಟಿ ಹತ್ರಾನೇ ಹೋಗ್ತೀನಿ, ಬಂದ್ಮೇಲೆ ಇಲ್ಲೇ ಬರೀತೀನಿ.